ಒಬ್ಬರಿಗೊಂದು ಖಾತೆ: ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಲಾಗಿನ್ ಮತ್ತು ಪಾಸ್‌ವರ್ಡ್

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿರುವ ನಮ್ಮ ಕನ್ನಡ ವಾಚನಾಲಯದಲ್ಲಿ ಮೂರು ಹಳೆಯ ಕಂಪ್ಯೂಟರುಗಳಿವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಸವಲತ್ತು ಆ ಯಂತ್ರಗಳಲ್ಲಿ ಇರಲಿಲ್ಲ. ಹಾಗಾಗಿ ಮೂರಕ್ಕೂ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯ ಒಂದು ಬಗೆಯಾದ ಲಿನಕ್ಸ್ ಮಿಂಟ್ 22 ಹಾಕಿದೆವು. ಅದಕ್ಕೆ 2029ರವರೆಗೆ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ. ಯಂತ್ರಗಳು ಚುರುಕಾದವು, ಎಲ್ಲರಿಗೂ ಖುಷಿಯಾಯಿತು. ಆದರೆ ಹಳೆಯ ಅಭ್ಯಾಸವೊಂದನ್ನು ಹಾಗೇ ಮುಂದುವರಿಸಿದ್ದೆವು. ಎಲ್ಲರಿಗೂ ಒಂದೇ ಖಾತೆ, ಒಂದೇ ಪಾಸ್‌ವರ್ಡ್, ಅದನ್ನು ಬರೆದ ಚೀಟಿ ಮಾನಿಟರಿನ ಮೂಲೆಗೆ ಅಂಟಿಸಿತ್ತು.

ಒಂದು ಭಾನುವಾರ ನಮ್ಮ ಓದುಗರಲ್ಲೊಬ್ಬ ಅಕ್ಕ ಬಂದು ಪರದೆ ನೋಡುತ್ತಾ ಸುಮ್ಮನೆ ಕೂತುಬಿಟ್ಟರು. ತಾಯಿ ಹಾಡುತ್ತಿದ್ದ ಮದುವೆ ಹಾಡುಗಳನ್ನು ಅವರು ನಾಲ್ಕು ವಾರದಿಂದ ಟೈಪ್ ಮಾಡುತ್ತಿದ್ದರು. ಆ ಫೈಲ್ ಇರಲಿಲ್ಲ. ಯಾರೋ ಹುಡುಗರು ಡೆಸ್ಕ್‌ಟಾಪ್ ಗಲೀಜಾಗಿದೆಯೆಂದು ಎಲ್ಲ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದ್ದರು. ಹುಡುಗರದು ತಪ್ಪೆನ್ನಲಾರೆ, ಏಕೆಂದರೆ ಯಾವುದು ಯಾರದೆಂದು ಹೇಳುವ ಗೆರೆಯೇ ಆ ಯಂತ್ರದಲ್ಲಿ ಇರಲಿಲ್ಲ. ಆ ಗೆರೆ ಎಳೆಯುವುದು ಹೇಗೆಂದು ಅವತ್ತಿನಿಂದ ಎಲ್ಲರಿಗೂ ಹೇಳಿಕೊಡುತ್ತಿದ್ದೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಮನೆಯಲ್ಲಿ ಒಂದೇ ಕಂಪ್ಯೂಟರನ್ನು ನಾಲ್ಕು ಜನ ಬಳಸುವವರಿಗೂ ಇದೇ ಕ್ರಮ. ನಾನು ಹೇಳುವುದು ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್ ಬಗ್ಗೆ. ಡೆಸ್ಕ್‌ಟಾಪ್ ಎಂದರೆ ಇಲ್ಲಿ ಪರದೆಯ ಮೇಲೆ ಕಾಣುವ ಮೆನು, ಕಿಟಕಿಗಳ ಏರ್ಪಾಡು. ಮಿಂಟ್‌ಗೆ ಆಧಾರವಾದ ಇನ್ನೊಂದು ಲಿನಕ್ಸ್ ಬಗೆ ಉಬುಂಟು, ಅದರಲ್ಲಿ ಬೇರೆಯಾದ ಕಡೆ ಅದನ್ನೂ ಹೇಳುತ್ತೇನೆ.

ಮೊದಲು ಬಾಗಿಲು: ಲಾಗಿನ್ ಪರದೆ

ಯಂತ್ರ ಶುರುವಾದ ಮೇಲೆ ಬಳಕೆದಾರರ ಹೆಸರು ಕಾಣುತ್ತದೆ. ನಿಮ್ಮ ಹೆಸರನ್ನು ಒತ್ತಿ, ಪಾಸ್‌ವರ್ಡ್ ಹಾಕಿ, ಎಂಟರ್ ಒತ್ತಿ. ಹೆಚ್ಚಿನ ದಿನ ಇಷ್ಟೇ ಕೆಲಸ. ಹೆಸರಿನ ಪಕ್ಕದಲ್ಲಿ ಒಂದು ಸಣ್ಣ ಚಿಹ್ನೆ ಇರುತ್ತದೆ. ಒಂದಕ್ಕಿಂತ ಹೆಚ್ಚು ಡೆಸ್ಕ್‌ಟಾಪ್ ಇದ್ದರೆ ಯಾವುದು ತೆರೆಯಬೇಕೆಂದು ಅಲ್ಲಿ ಆರಿಸಬಹುದು. ಉಬುಂಟುವಿನಲ್ಲಿ ಹೆಸರು ಒತ್ತಿದ ಮೇಲೆ ಕೆಳಗೆ ಬಲಮೂಲೆಯಲ್ಲಿ ಗಾಲಿಯ ಗುರುತು ಬರುತ್ತದೆ, ಅದೇ ಇದು. ಡೆಸ್ಕ್‌ಟಾಪ್ ಒಂದೇ ಇದ್ದರೆ ಅದನ್ನು ಮುಟ್ಟುವ ಅಗತ್ಯವೇ ಇಲ್ಲ.

ಕನ್ನಡ ಟೈಪ್ ಮಾಡುವವರು ಗಮನಿಸಬೇಕಾದದ್ದು ಮೇಲಿನ ಬಲಮೂಲೆ. ನಮ್ಮಲ್ಲಿಗೆ ಬರುವ ಹಿರಿಯರೊಬ್ಬರು, ದಾದರ್‌ನ ಹೋಟೆಲೊಂದರಲ್ಲಿ ಮೂವತ್ತು ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತವರು, ಒಂದು ದಿನ ಬಾಗಿಲಲ್ಲೇ ಸಿಕ್ಕಿಹಾಕಿಕೊಂಡರು.

"ಎಂಥದು ಮಾರಾಯ, ನಿನ್ನೆ ತನಕ ಸರಿ ಇತ್ತು. ಇವತ್ತು ಒಳಗೆ ಬಿಡುದೇ ಇಲ್ಲ."

"ಇನ್ನೊಂದು ಸಲ ಹೊಡೀರಿ ಮಾವ, ನಾನು ಕೀಬೋರ್ಡ್ ನೋಡ್ತೇನೆ."

ಅವರ ಬೆರಳು ಸರಿಯಾಗಿಯೇ ಬೀಳುತ್ತಿತ್ತು. ಮೂಲೆಯಲ್ಲಿ ನೋಡಿದರೆ ಕೀಬೋರ್ಡ್ ವಿನ್ಯಾಸ ಕನ್ನಡ ಕಗಪದಲ್ಲಿತ್ತು. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಕಾಣುವುದು ಬರೀ ಚುಕ್ಕೆ, ಹಾಗಾಗಿ ಒಳಗೆ ಕನ್ನಡ ಅಕ್ಷರ ಬಿದ್ದದ್ದು ಗೊತ್ತೇ ಆಗುವುದಿಲ್ಲ. ಆ ಗುರುತು ಒತ್ತಿ ಇಂಗ್ಲಿಷಿಗೆ ಬದಲಾಯಿಸಿದೆವು, ಬಾಗಿಲು ತೆರೆಯಿತು. ಕಗಪ ಅಥವಾ ಇನ್‌ಸ್ಕ್ರಿಪ್ಟನ್ನು ಕೀಬೋರ್ಡ್ ವಿನ್ಯಾಸವಾಗಿ ಸೇರಿಸಿಕೊಳ್ಳುವಾಗ ಪಟ್ಟಿಯಲ್ಲಿ ಇಂಗ್ಲಿಷ್ ಮೊದಲು, ಕನ್ನಡ ಎರಡನೆಯದಾಗಿ ಇರಲಿ. ಇದರಿಂದ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ.

ಇದರ ತಮ್ಮನಂಥ ತೊಂದರೆ ಇನ್ನೊಂದಿದೆ. ಲಿನಕ್ಸ್ ಹಾಕುವಾಗ ಕೀಬೋರ್ಡ್ ಪ್ರಶ್ನೆಗೆ ಯಾರೋ ಬ್ರಿಟನ್ನಿನ ಇಂಗ್ಲಿಷ್ ಆರಿಸಿಬಿಡುತ್ತಾರೆ. ನಮ್ಮಲ್ಲಿ ಮಾರುವ ಕೀಬೋರ್ಡ್‌ಗಳ ಅಚ್ಚು ಸಾಮಾನ್ಯವಾಗಿ ಅಮೆರಿಕದ್ದು. ಬ್ರಿಟನ್ನಿನ ವಿನ್ಯಾಸದಲ್ಲಿ ಶಿಫ್ಟ್ ಜೊತೆ 2 ಒತ್ತಿದರೆ ಇಮೇಲ್ ವಿಳಾಸದಲ್ಲಿ ಬರುವ ಆ ಅಟ್ ಚಿಹ್ನೆ ಬರುವುದಿಲ್ಲ, ಉದ್ಧರಣ ಚಿಹ್ನೆ ಬರುತ್ತದೆ. ಪಾಸ್‌ವರ್ಡ್‌ನಲ್ಲಿ ಅಟ್ ಇಟ್ಟುಕೊಂಡವರು ಒಂದು ಕಡೆ ಒಳಗೆ ಹೋಗಿ ಇನ್ನೊಂದು ಕಡೆ ಸಿಕ್ಕಿಬೀಳುತ್ತಾರೆ. ಹೊಸ ಪಾಸ್‌ವರ್ಡ್ ಇಡುವ ಮೊದಲು ಅದರಲ್ಲಿರುವ ಚಿಹ್ನೆಗಳನ್ನು ಒಂದು ಖಾಲಿ ಪುಟದಲ್ಲಿ ಹೊಡೆದು ನೋಡಿ, ಆಮೇಲೆ ಆ ಪುಟ ಉಳಿಸದೆ ಮುಚ್ಚಿ. ಕ್ಯಾಪ್ಸ್ ಲಾಕ್ ಮತ್ತು ನಮ್ ಲಾಕ್ ದೀಪದ ಮೇಲೂ ಕಣ್ಣಿರಲಿ. ಉಬುಂಟುವಿನ ಪರದೆಯಲ್ಲಿ ಪೆಟ್ಟಿಗೆಯ ತುದಿಗೆ ಕಣ್ಣಿನ ಗುರುತಿದೆ. ಹಿಂದೆ ಯಾರೂ ನಿಂತಿಲ್ಲದಿದ್ದರೆ ಅದನ್ನು ಒತ್ತಿ, ಏನು ಬಿದ್ದಿದೆಯೆಂದು ಕಣ್ಣಾರೆ ನೋಡಬಹುದು.

ಅವಸರದಲ್ಲಿ ಪಾಸ್‌ವರ್ಡನ್ನು ಹೆಸರಿನ ಜಾಗದಲ್ಲಿ ಹೊಡೆದು ಎಂಟರ್ ಒತ್ತುವುದೂ ಉಂಟು. ಆಗ ಅದು ಯಂತ್ರದ ದಾಖಲೆಯಲ್ಲಿ ಉಳಿದುಬಿಡುವ ಸಾಧ್ಯತೆ ಇದೆ. ಹಾಗೆ ಆದರೆ ಅವತ್ತೇ ಪಾಸ್‌ವರ್ಡ್ ಬದಲಾಯಿಸಿ.

ಖಾತೆ ತೆರೆಯುವುದು

ಮೆನುವಿನಲ್ಲಿ ಅಡ್ಮಿನಿಸ್ಟ್ರೇಶನ್ ಕೆಳಗೆ 'ಯೂಸರ್ಸ್ ಅಂಡ್ ಗ್ರೂಪ್ಸ್' ಎಂದಿದೆ. ತೆರೆದರೆ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. 'ಆಡ್' ಒತ್ತಿ ಪೂರ್ತಿ ಹೆಸರು ಕೊಡಿ. ಇದು ಕನ್ನಡದಲ್ಲೇ ಇರಲಿ, ಲಾಗಿನ್ ಪರದೆಯಲ್ಲಿ ತಮ್ಮ ಹೆಸರು ಕನ್ನಡದಲ್ಲಿ ಕಂಡಾಗ ನಮ್ಮ ಹಿರಿಯರ ಮುಖ ಅರಳಿದ್ದನ್ನು ನಾನು ಕಂಡಿದ್ದೇನೆ. ಅದರ ಕೆಳಗಿನ ಯೂಸರ್‌ನೇಮ್ ಮಾತ್ರ ಇಂಗ್ಲಿಷಿನ ಚಿಕ್ಕಕ್ಷರದಲ್ಲಿ, ನಡುವೆ ಜಾಗವಿಲ್ಲದೆ ಇರಬೇಕು. ಉಬುಂಟುವಿನಲ್ಲಾದರೆ ಸೆಟ್ಟಿಂಗ್ಸ್‌ನಲ್ಲಿ 'ಯೂಸರ್ಸ್' ತೆರೆದು, ಮೊದಲು 'ಅನ್‌ಲಾಕ್' ಒತ್ತಬೇಕು.

ಖಾತೆಯಲ್ಲಿ ಎರಡು ಬಗೆ: ಸ್ಟ್ಯಾಂಡರ್ಡ್ ಮತ್ತು ಅಡ್ಮಿನಿಸ್ಟ್ರೇಟರ್. ಓದುವವರು, ಬರೆಯುವವರು, ಮಕ್ಕಳು ಎಲ್ಲರಿಗೂ ಸ್ಟ್ಯಾಂಡರ್ಡ್ ಸಾಕು. ಅಡ್ಮಿನಿಸ್ಟ್ರೇಟರ್ ಎಂದರೆ ಮನೆಯ ಬೀಗದ ಕೈ ಗೊಂಚಲು ಹಿಡಿದವರು. ಅವರು ಸಾಫ್ಟ್‌ವೇರ್ ಹಾಕಬಹುದು, ತೆಗೆಯಬಹುದು, ಬೇರೆಯವರ ಪಾಸ್‌ವರ್ಡ್ ಬದಲಾಯಿಸಬಹುದು. ಒಬ್ಬರೇ ಇದ್ದರೆ ಅವರು ಊರಿಗೆ ಹೋದಾಗ ಎಲ್ಲ ನಿಲ್ಲುತ್ತದೆ. ನಮ್ಮಲ್ಲಿ ಇಬ್ಬರಿದ್ದಾರೆ. ಮನೆಯಲ್ಲೂ ಇಬ್ಬರಿರಲಿ. ಇದು ಎಷ್ಟು ಉಪಯೋಗವೆಂದು ಪಾಸ್‌ವರ್ಡ್ ಮರೆತಾಗ ಗೊತ್ತಾಗುತ್ತದೆ.

ಖಾತೆ ತೆರೆದ ಕೂಡಲೇ ಪಾಸ್‌ವರ್ಡ್ ಹಾಕಿ, 'ನಾಳೆ ಹಾಕಿದರಾಯ್ತು' ಎಂದು ಬಿಡಬೇಡಿ. ಸಾಧ್ಯವಾದರೆ ಖಾತೆಯ ಒಡೆಯರನ್ನೇ ಕೂರಿಸಿ, ಕೀಬೋರ್ಡ್ ಅವರ ಕೈಗೆ ಕೊಟ್ಟು, ನೀವು ಆಚೆ ತಿರುಗಿ ನಿಲ್ಲಿ. ಉಬುಂಟು 21.04ರಿಂದ ಈಚೆಗೆ ಹೊಸ ಖಾತೆಯ ಮನೆ ಫೋಲ್ಡರನ್ನು ಉಳಿದ ಸ್ಟ್ಯಾಂಡರ್ಡ್ ಖಾತೆಗಳವರು ತೆರೆದು ನೋಡಲಾಗದಂತೆಯೇ ಇಡಲಾಗುತ್ತದೆ. ಆ ಅಕ್ಕನ ಹಾಡುಗಳಿಗೆ ಬೇಕಿದ್ದದ್ದು ಇಂಥ ಒಂದು ಕೋಣೆ. ಈಗ ಅವರು ಎಲ್ಲ ಮತ್ತೆ ಮೊದಲಿನಿಂದ ಟೈಪ್ ಮಾಡಿದ್ದಾರೆ, ತಮ್ಮದೇ ಖಾತೆಯಲ್ಲಿ.

ಎಂದೋ ಒಮ್ಮೆ ಬಂದು ಟಿಕೆಟ್ ನೋಡಿ ಹೋಗುವವರಿಗೆ ಖಾತೆ ಬೇಡ. ಮಿಂಟ್‌ನಲ್ಲಿ 'ಲಾಗಿನ್ ವಿಂಡೋ' ಎಂಬ ಸೆಟ್ಟಿಂಗ್ ತೆರೆದು ಗೆಸ್ಟ್ ಸೆಶನ್ ಚಾಲೂ ಮಾಡಿ. ಅತಿಥಿ ಲಾಗ್ ಔಟ್ ಆದಾಗ ಅವರ ಫೈಲುಗಳು, ಬ್ರೌಸರಿನ ಗುರುತುಗಳು ಅಳಿಸಿಹೋಗುತ್ತವೆ. ಇದನ್ನು ಅವರಿಗೆ ಮೊದಲೇ ಹೇಳಿಬಿಡಿ.

ಎಂಥ ಪಾಸ್‌ವರ್ಡ್?

ಉದ್ದವೇ ಬಲ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಆರಿಸಿ: ಒನಕೆ, ಛತ್ರಿ, ಕಲ್ಯಾಣ್, ಬೆಲ್ಲ ಎಂಬ ಹಾಗೆ. ಇದನ್ನೇ ಇಡಬೇಡಿ, ನಿಮ್ಮದು ನೀವು ಹುಡುಕಿ. ಗಾದೆ, ದಾಸರ ಪದದ ಸಾಲು, ಮೊಮ್ಮಗುವಿನ ಹೆಸರು, ಹುಟ್ಟಿದ ವರ್ಷ ಇವು ಬೇಡ. ಊಹಿಸುವವರು ಮೊದಲು ಕೈಹಾಕುವುದು ಇವಕ್ಕೇ.

ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ನಮಗೊಂದು ಕಷ್ಟ ಇದೆ. 'ಛತ್ರಿ'ಗೆ ಒಬ್ಬರು ಒಂದು ಎಚ್ ಹಾಕುತ್ತಾರೆ, ಇನ್ನೊಬ್ಬರು ಎರಡು. ಇವತ್ತು ಒಂದು ರೀತಿ, ನಾಳೆ ಇನ್ನೊಂದು ರೀತಿ ಬರೆದರೆ ಯಂತ್ರ ಒಪ್ಪುವುದಿಲ್ಲ. ದೀರ್ಘ, ಮಹಾಪ್ರಾಣ, ಒತ್ತಕ್ಷರ ಇಲ್ಲದ ಪದಗಳು ವಾಸಿ. ಅಥವಾ ನಿಮ್ಮ ಕಾಗುಣಿತ ಯಾವುದೆಂದು ಒಮ್ಮೆ ನಿಶ್ಚಯಿಸಿ, ಒಂದೇ ವಾರ ದಿನಾ ಹೊಡೆಯಿರಿ. ಆಮೇಲೆ ಬೆರಳಿಗೇ ನೆನಪಿರುತ್ತದೆ.

ಮೂರು ತಿಂಗಳಿಗೊಮ್ಮೆ ಬದಲಾಯಿಸಲೇಬೇಕೆಂಬ ನಿಯಮ ಹಲವು ಕಚೇರಿಗಳಲ್ಲಿದೆ. ಮಾನದಂಡಗಳನ್ನು ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ 2017ರಲ್ಲೇ ತನ್ನ ಮಾರ್ಗಸೂಚಿಯಲ್ಲಿ ಹಾಗೆ ಸುಮ್ಮನೆ ಬದಲಾಯಿಸುವಂತೆ ಒತ್ತಾಯಿಸಬೇಡಿ ಎಂದಿತು. ನನಗೂ ಅದೇ ಸರಿ ಕಾಣುತ್ತದೆ. ಒತ್ತಾಯ ಮಾಡಿದರೆ ಜನ ಕೊನೆಯಲ್ಲಿ 1, 2, 3 ಸೇರಿಸುತ್ತಾ ಹೋಗುತ್ತಾರೆ, ಇಲ್ಲವೇ ಚೀಟಿ ಅಂಟಿಸುತ್ತಾರೆ. ಯಾರಿಗೋ ಗೊತ್ತಾಗಿದೆ ಎಂಬ ಅನುಮಾನ ಬಂದರೆ ಮಾತ್ರ ತಡಮಾಡದೆ ಬದಲಾಯಿಸಿ. ಬರೆದಿಡಲೇಬೇಕಿದ್ದರೆ ಆ ಕಾಗದ ರೇಷನ್ ಕಾರ್ಡ್, ಮನೆ ಪತ್ರಗಳ ಜೊತೆ ಕಪಾಟಿನಲ್ಲಿರಲಿ.

ಬದಲಾಯಿಸುವುದು, ಮತ್ತು ಕೀರಿಂಗ್ ಎಂಬ ಎರಡನೇ ಬೀಗ

ನಿಮ್ಮದೇ ಪಾಸ್‌ವರ್ಡ್ ಬದಲಾಯಿಸಲು ಮೆನುವಿನಲ್ಲಿ 'ಅಕೌಂಟ್ ಡೀಟೇಲ್ಸ್' ತೆರೆಯಿರಿ. ಪಾಸ್‌ವರ್ಡ್ ಸಾಲನ್ನು ಒತ್ತಿ, ಹಳೆಯದನ್ನು ಒಮ್ಮೆ, ಹೊಸದನ್ನು ಎರಡು ಸಲ ಕೊಡಿ. ಹಳೆಯದನ್ನು ಕೇಳುವುದಕ್ಕೆ ಇನ್ನೂ ಒಂದು ಪ್ರಯೋಜನವಿದೆ.

ನಿಮ್ಮ ಖಾತೆಯಲ್ಲಿ ಕೀರಿಂಗ್ ಎಂಬ ಪೆಟ್ಟಿಗೆ ಇರುತ್ತದೆ. ವೈಫೈ, ಬ್ರೌಸರ್, ಇಮೇಲ್ ಮುಂತಾದವು ತಮ್ಮ ಗುಟ್ಟುಗಳನ್ನು ಅದರಲ್ಲಿ ಇಡಬಹುದು. ಅದಕ್ಕೂ ಬೀಗ ನಿಮ್ಮ ಲಾಗಿನ್ ಪಾಸ್‌ವರ್ಡೇ. ನೀವು ಹಳೆಯದನ್ನು ಕೊಟ್ಟು ಬದಲಾಯಿಸಿದರೆ ಪೆಟ್ಟಿಗೆಯ ಬೀಗವೂ ಜೊತೆಗೇ ಬದಲಾಗುತ್ತದೆ. ಅಡ್ಮಿನಿಸ್ಟ್ರೇಟರ್ ಹೊರಗಿನಿಂದ ಬದಲಾಯಿಸಿದರೆ ಬಾಗಿಲಿನ ಬೀಗ ಹೊಸದು, ಪೆಟ್ಟಿಗೆಯ ಬೀಗ ಹಳೆಯದೇ. ಒಳಗೆ ಹೋಗಿ ಬ್ರೌಸರ್ ತೆರೆದ ಕೂಡಲೇ 'ನಿಮ್ಮ ಲಾಗಿನ್ ಕೀರಿಂಗ್ ತೆರೆಯಲಾಗಲಿಲ್ಲ' ಎಂಬ ಅರ್ಥದ ಪೆಟ್ಟಿಗೆ ಎದ್ದು ನಿಲ್ಲುತ್ತದೆ. ವೈರಸ್ ಬಂತೆಂದು ಹೆದರಿ ನನಗೆ ಫೋನ್ ಮಾಡಿದವರಿದ್ದಾರೆ. ಹೆದರಬೇಡಿ. ಅಲ್ಲಿ ಹಳೆಯ ಪಾಸ್‌ವರ್ಡ್ ಕೊಡಿ, ತೆರೆಯುತ್ತದೆ. ಆಮೇಲೆ 'ಪಾಸ್‌ವರ್ಡ್ಸ್ ಅಂಡ್ ಕೀಸ್' ಎಂಬ ಪ್ರೋಗ್ರಾಂನಲ್ಲಿ 'ಲಾಗಿನ್' ಎಂಬುದರ ಮೇಲೆ ಬಲ ಕ್ಲಿಕ್ ಮಾಡಿ, ಅದರ ಪಾಸ್‌ವರ್ಡನ್ನೂ ಹೊಸದಕ್ಕೆ ಬದಲಾಯಿಸಿ. ಹಳೆಯದು ಮರೆತೇ ಹೋಗಿದ್ದರೆ ಆ ಕೀರಿಂಗನ್ನು ಅಳಿಸಿ ಹೊಸದು ಶುರುಮಾಡುವುದೊಂದೇ ದಾರಿ. ಅದರೊಳಗೆ ಉಳಿಸಿದ್ದ ಗುಟ್ಟುಗಳು ಹೋಗುತ್ತವೆ, ನಿಮ್ಮ ಫೈಲುಗಳಿಗೆ ಏನೂ ಆಗುವುದಿಲ್ಲ.

ಪಾಸ್‌ವರ್ಡ್ ಕೇಳದೆ ನೇರ ಒಳಗೆ ಹೋಗುವ ಆಟೋಮ್ಯಾಟಿಕ್ ಲಾಗಿನ್ ಇಟ್ಟುಕೊಂಡವರಿಗೂ ಇದೇ ಪೆಟ್ಟಿಗೆ ಕಾಣುತ್ತದೆ, ಏಕೆಂದರೆ ಬೀಗ ತೆರೆಯಲು ಪಾಸ್‌ವರ್ಡನ್ನು ಯಾರೂ ಕೊಟ್ಟಿಲ್ಲ. ಹಲವರು ಬಳಸುವ ಯಂತ್ರದಲ್ಲಿ ಆ ಸೌಲಭ್ಯ ಬೇಡ.

ಟರ್ಮಿನಲ್‌ನಲ್ಲಿ

ಟರ್ಮಿನಲ್ ಎಂದರೆ ಮೌಸ್ ಬದಲು ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿ. ಆ ಆಜ್ಞೆಗಳನ್ನು ಫೋನಿನಲ್ಲಿ ಹೇಳುವ ಹಾಗೇ ಅಕ್ಷರ ಬಿಡಿಸಿ ಬರೆಯುತ್ತೇನೆ. ಎಲ್ಲವೂ ಇಂಗ್ಲಿಷಿನ ಚಿಕ್ಕಕ್ಷರ. ಬದಲಾಯಿಸುವ ಆಜ್ಞೆ ಪಿ-ಎ-ಎಸ್-ಎಸ್-ಡಬ್ಲ್ಯು-ಡಿ, ಅಂದರೆ ಪಾಸ್‌ವರ್ಡ್ ಪದದಿಂದ ಒ ಮತ್ತು ಆರ್ ತೆಗೆದದ್ದು. ಅಷ್ಟನ್ನೇ ಹೊಡೆದರೆ ನಿಮ್ಮದೇ ಪಾಸ್‌ವರ್ಡ್ ಬದಲಾಯಿಸಲು ಕೇಳುತ್ತದೆ. ಟೈಪ್ ಮಾಡುವಾಗ ಚುಕ್ಕೆಯೂ ಬರುವುದಿಲ್ಲ, ಕರ್ಸರ್ ಅಲುಗುವುದೂ ಇಲ್ಲ. ಕೀಬೋರ್ಡ್ ಕೆಟ್ಟಿಲ್ಲ, ಹೊಡೆಯುತ್ತಾ ಹೋಗಿ, ಎಂಟರ್ ಒತ್ತಿ.

ಬೇರೆಯವರದ್ದನ್ನು ಬದಲಾಯಿಸಲು ಮುಂದೆ ಎಸ್-ಯು-ಡಿ-ಒ ಸೇರಿಸಿ, ಜಾಗ ಬಿಟ್ಟು ಮೇಲಿನ ಆಜ್ಞೆ, ಮತ್ತೆ ಜಾಗ ಬಿಟ್ಟು ಅವರ ಯೂಸರ್‌ನೇಮ್. ಸುಡೊ ಎಂದರೆ 'ಯಜಮಾನನ ಅಧಿಕಾರದಲ್ಲಿ ಮಾಡು' ಎಂದು ಹೇಳಿದ ಹಾಗೆ. ಅದು ಕೇಳುವುದು ನಿಮ್ಮ ಪಾಸ್‌ವರ್ಡ್, ಆ ಇನ್ನೊಬ್ಬರದ್ದಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ಮಿಂಟ್‌ನಲ್ಲಿ ಸುಡೊಗೆ ಹೊಡೆಯುವಾಗ ನಕ್ಷತ್ರ ಕಾಣುತ್ತದೆ, ಉಬುಂಟು 24.04ರಲ್ಲಿ ಕಾಣುವುದಿಲ್ಲ. ಒಮ್ಮೆ ಕೊಟ್ಟ ಮೇಲೆ ಸುಮಾರು 15 ನಿಮಿಷ ಮತ್ತೆ ಕೇಳದೆ ಇರಬಹುದು, ಹಾಗಾಗಿ ಟರ್ಮಿನಲ್ ತೆರೆದಿಟ್ಟು ಚಹಾ ಕುಡಿಯಲು ಹೋಗಬೇಡಿ.

ಯಾರಿಗಾದರೂ ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟಿದ್ದರೆ ಅದೇ ಆಜ್ಞೆಯಲ್ಲಿ ಯೂಸರ್‌ನೇಮಿಗೆ ಮುಂಚೆ ಹೈಫನ್ ಮತ್ತು ಇ ಸೇರಿಸಿ. ಅವರು ಮುಂದಿನ ಸಲ ಲಾಗಿನ್ ಆದಾಗ ಯಂತ್ರವೇ ಹೊಸದನ್ನು ಕೇಳುತ್ತದೆ. ಆಮೇಲೆ ಅವರ ಗುಟ್ಟು ನಿಮಗೂ ಗೊತ್ತಿರುವುದಿಲ್ಲ. ಹಾಗೇ ಇರಬೇಕು. ಹೈಫನ್ ಎಲ್ ಹಾಕಿದರೆ ಪಾಸ್‌ವರ್ಡಿನಿಂದ ಒಳಗೆ ಹೋಗುವುದು ಬಂದ್, ಹೈಫನ್ ಯು ಹಾಕಿದರೆ ಮತ್ತೆ ಚಾಲೂ.

ಪಾಸ್‌ವರ್ಡ್ ಎಲ್ಲಿರುತ್ತದೆ ಎಂದು ಹುಡುಗರು ಕೇಳುತ್ತಾರೆ, ಒಳ್ಳೆಯ ಪ್ರಶ್ನೆ. ಇಟಿಸಿ ಎಂಬ ಫೋಲ್ಡರಿನಲ್ಲಿ ಆಜ್ಞೆಯ ಹೆಸರಿನದ್ದೇ ಒಂದು ಫೈಲಿದೆ. ಅದರಲ್ಲಿ ಖಾತೆಗಳ ಪಟ್ಟಿ ಮಾತ್ರ ಇದ್ದು, ಪಾಸ್‌ವರ್ಡಿನ ಜಾಗದಲ್ಲಿ ಒಂದು ಎಕ್ಸ್ ಇರುತ್ತದೆ. ನಿಜವಾದದ್ದು ಪಕ್ಕದ 'ಶ್ಯಾಡೋ' ಫೈಲಿನಲ್ಲಿ, ಅದನ್ನು ಸಾಮಾನ್ಯ ಖಾತೆಯವರು ಓದಲಾರರು. ಅಲ್ಲಿಯೂ ಇರುವುದು ಪಾಸ್‌ವರ್ಡಲ್ಲ, ಅದನ್ನು ಅರೆದು ತೆಗೆದ ಹ್ಯಾಶ್. ಹಿಟ್ಟಿನಿಂದ ಮತ್ತೆ ಅಕ್ಕಿ ಮಾಡಲಾಗದ ಹಾಗೆ ಅದರಿಂದ ಪಾಸ್‌ವರ್ಡನ್ನು ಹಿಂದಕ್ಕೆ ತೆಗೆಯಲಾಗದು. ಅದಕ್ಕೇ ಅಡ್ಮಿನಿಸ್ಟ್ರೇಟರ್ ನಿಮ್ಮ ಹಳೆಯ ಪಾಸ್‌ವರ್ಡ್ ಏನೆಂದು ಹೇಳಲಾರರು, ಹೊಸದನ್ನು ಇಡಬಲ್ಲರು ಅಷ್ಟೆ.

ಮರೆತು ಹೋದರೆ

ಎರಡನೇ ಅಡ್ಮಿನಿಸ್ಟ್ರೇಟರ್ ಇದ್ದರೆ ಅವರು ಬಂದು 'ಯೂಸರ್ಸ್ ಅಂಡ್ ಗ್ರೂಪ್ಸ್' ತೆರೆದು ಹೊಸದನ್ನು ಇಡಲಿ, ಎರಡು ನಿಮಿಷದ ಕೆಲಸ. ಇದ್ದ ಒಬ್ಬರೇ ಮರೆತಿದ್ದರೆ ಹೀಗೆ ಮಾಡಿ:

1. ಯಂತ್ರ ಮತ್ತೆ ಶುರುಮಾಡಿ. ಬಯೋಸ್ (ಯಂತ್ರವನ್ನು ಎಬ್ಬಿಸುವ ಹಳೆಯ ಬಗೆಯ ಒಳಪ್ರೋಗ್ರಾಂ) ಇರುವ ಹಳೆಯ ಯಂತ್ರವಾದರೆ ಶಿಫ್ಟ್ ಒತ್ತಿ ಹಿಡಿಯಿರಿ. ಹೊಸ ಬಗೆಯದಾದರೆ ಕಂಪನಿಯ ಚಿಹ್ನೆ ಹೋಗುತ್ತಿದ್ದ ಹಾಗೆ ಎಸ್ಕೇಪ್ ಒಮ್ಮೆ ಒತ್ತಿ. ಹೆಚ್ಚು ಸಲ ಒತ್ತಿ ಗ್ರಬ್ ಎಂದಷ್ಟೇ ಬರೆದ ಕಪ್ಪು ಪರದೆಗೆ ಬಿದ್ದರೆ, ಆರ್-ಇ-ಬಿ-ಒ-ಒ-ಟಿ ಹೊಡೆದು ಮತ್ತೆ ಪ್ರಯತ್ನಿಸಿ.

2. ಬಂದ ಮೆನುವಿನಲ್ಲಿ 'ಅಡ್ವಾನ್ಸ್ಡ್ ಆಪ್ಶನ್ಸ್', ಅದರೊಳಗೆ 'ರಿಕವರಿ ಮೋಡ್' ಎಂದಿರುವ ಮೊದಲ ಸಾಲು ಆರಿಸಿ.

3. ಸ್ವಲ್ಪ ಹೊತ್ತಿಗೆ ಇನ್ನೊಂದು ಪಟ್ಟಿ ಬರುತ್ತದೆ. ಅದರಲ್ಲಿ 'ರೂಟ್' ಆರಿಸಿ, ಕೇಳಿದರೆ ಎಂಟರ್ ಒತ್ತಿ.

4. ಡಿಸ್ಕಿಗೆ ಬರೆಯುವ ಅನುಮತಿ ಕೊಡಿ: ಎಂ-ಒ-ಯು-ಎನ್-ಟಿ, ಜಾಗ, ಹೈಫನ್ ಒ, ಜಾಗ, ಆರ್-ಇ-ಎಂ-ಒ-ಯು-ಎನ್-ಟಿ, ಅದಕ್ಕಂಟಿ ಕಾಮಾ, ಆರ್-ಡಬ್ಲ್ಯು, ಜಾಗ, ಓರೆಗೆರೆ (ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರುವುದು).

5. ಪಿ-ಎ-ಎಸ್-ಎಸ್-ಡಬ್ಲ್ಯು-ಡಿ, ಜಾಗ, ಯೂಸರ್‌ನೇಮ್. ಹೊಸದನ್ನು ಎರಡು ಸಲ ಕೊಡಿ. ಯೂಸರ್‌ನೇಮೇ ಮರೆತಿದ್ದರೆ ಎಲ್-ಎಸ್, ಜಾಗ, ಓರೆಗೆರೆ, ಎಚ್-ಒ-ಎಂ-ಇ ಹೊಡೆದರೆ ಮನೆ ಫೋಲ್ಡರುಗಳ ಹೆಸರು ಕಾಣುತ್ತದೆ, ಸಾಮಾನ್ಯವಾಗಿ ಅವೇ ಯೂಸರ್‌ನೇಮುಗಳು.

6. ಕೊನೆಗೆ ಆರ್-ಇ-ಬಿ-ಒ-ಒ-ಟಿ.

ಇಷ್ಟು ಸುಲಭವಾದರೆ ಕಳ್ಳನೂ ಮಾಡಬಹುದಲ್ಲ ಎಂದು ನಿಮಗನಿಸಿದರೆ ಅದು ಸರಿ. ಯಂತ್ರ ಕೈಗೆ ಸಿಕ್ಕವನಿಗೆ ಲಾಗಿನ್ ಪಾಸ್‌ವರ್ಡ್ ದೊಡ್ಡ ತಡೆಯಲ್ಲ. ಲೋಕಲ್ ಗಾಡಿಯಲ್ಲಿ ಲ್ಯಾಪ್‌ಟಾಪ್ ಹೊತ್ತು ದಿನಾ ಓಡಾಡುವವರು ಲಿನಕ್ಸ್ ಹಾಕುವಾಗಲೇ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಸಿಕೊಳ್ಳಬೇಕು, ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದ ಗುಪ್ತ ರೂಪದಲ್ಲಿ ಇಡಿಸಬೇಕು. ಆಗ ಯಂತ್ರ ಶುರುವಾಗುವಾಗಲೇ ಬೇರೊಂದು ಪಾಸ್‌ವರ್ಡ್ ಕೇಳುತ್ತದೆ. ಲಾಗಿನ್ ಪಾಸ್‌ವರ್ಡ್ ಬದಲಾಯಿಸಿದರೆ ಅದು ಬದಲಾಗುವುದಿಲ್ಲ, ಮತ್ತು ಅದನ್ನು ಮರೆತರೆ ಮೇಲಿನ ಯಾವ ಹೆಜ್ಜೆಯೂ ಕೆಲಸಕ್ಕೆ ಬಾರದು. ಮಿಂಟ್‌ನಲ್ಲಿ ಮನೆ ಫೋಲ್ಡರನ್ನು ಮಾತ್ರ ಎನ್‌ಕ್ರಿಪ್ಟ್ ಮಾಡಿದ್ದವರೂ ಎಚ್ಚರ: ರಿಕವರಿಯಿಂದ ಪಾಸ್‌ವರ್ಡ್ ಬದಲಾಯಿಸಿದರೆ ಆ ಫೈಲುಗಳು ತೆರೆಯುವುದಿಲ್ಲ. ಇಂಥ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಕಪಾಟಿನಲ್ಲಿಡುವುದನ್ನು ನಾನು ಖಂಡಿತ ಹೇಳುತ್ತೇನೆ.

ಪಾಸ್‌ವರ್ಡ್ ಸರಿ, ಆದರೂ ಹೊರಗೆ ತಳ್ಳಿದರೆ

ಪಾಸ್‌ವರ್ಡ್ ಹಾಕುತ್ತೀರಿ, ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಮತ್ತೆ ಲಾಗಿನ್ ಪರದೆಗೇ ಬರುತ್ತೀರಿ. ತಪ್ಪೆಂದು ಹೇಳುವುದೂ ಇಲ್ಲ. ಹೀಗಾದರೆ ಪಾಸ್‌ವರ್ಡ್ ಬದಲಾಯಿಸಲು ಹೋಗಬೇಡಿ, ತೊಂದರೆ ಬೇರೆ ಕಡೆ ಇದೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಕಪ್ಪು ಪರದೆ ಬಂದು ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತದೆ. ಒಳಗೆ ಹೋಗಿ ಡಿ-ಎಫ್, ಜಾಗ, ಹೈಫನ್ ಎಚ್ ಹೊಡೆಯಿರಿ. ಓರೆಗೆರೆ ಒಂದೇ ಇರುವ ಸಾಲಿನಲ್ಲಿ ನೂರಕ್ಕೆ ನೂರು ತುಂಬಿದ್ದರೆ ಡಿಸ್ಕಿನಲ್ಲಿ ಜಾಗವಿಲ್ಲ. ನಮ್ಮ ಮೂರರಲ್ಲಿ ಒಂದಕ್ಕೆ ಆದದ್ದು ಇದೇ, ಯಾರೋ ಇಡೀ ವಾರ್ಷಿಕೋತ್ಸವದ ವಿಡಿಯೋ ತುಂಬಿದ್ದರು. ಎಸ್-ಯು-ಡಿ-ಒ, ಎ-ಪಿ-ಟಿ, ಸಿ-ಎಲ್-ಇ-ಎ-ಎನ್ ಎಂದು ನಡುವೆ ಜಾಗ ಬಿಟ್ಟು ಹೊಡೆದರೆ ಇಳಿಸಿಟ್ಟ ಸಾಫ್ಟ್‌ವೇರ್ ಕಂತೆಗಳು ಹೋಗಿ, ಒಳಗೆ ಹೋಗುವಷ್ಟು ಜಾಗ ಸಾಮಾನ್ಯವಾಗಿ ಸಿಗುತ್ತದೆ. ಉಳಿದದ್ದನ್ನು ಒಳಗೆ ಹೋಗಿ ತೆರವು ಮಾಡಿ. ಮಿಂಟ್‌ನಲ್ಲಿ ಲಾಗಿನ್ ಪರದೆಗೆ ಹಿಂದಿರುಗಲು ಕಂಟ್ರೋಲ್, ಆಲ್ಟ್, ಎಫ್7. ಉಬುಂಟುವಿನಲ್ಲಿ ಎಫ್1.

ಎದ್ದು ಹೋಗುವಾಗ

ಐದು ನಿಮಿಷಕ್ಕೆ ಎದ್ದರೂ ಪರದೆಗೆ ಬೀಗ ಹಾಕಿ. ಮಿಂಟ್‌ನಲ್ಲಿ ಕಂಟ್ರೋಲ್, ಆಲ್ಟ್, ಎಲ್. ಉಬುಂಟುವಿನಲ್ಲಿ ವಿಂಡೋಸ್ ಗುರುತಿನ ಕೀಲಿ ಮತ್ತು ಎಲ್. ಮನೆಗೆ ಹೊರಟರೆ ಲಾಗ್ ಔಟ್ ಆಗಿ, ಮುಂದಿನವರಿಗೆ ಯಂತ್ರ ಹಗುರಾಗಿ ಸಿಗುತ್ತದೆ.

ಯಾರಾದರೂ ಊರು ಬಿಟ್ಟು ಹೋದರೆ ಅವರ ಖಾತೆಯನ್ನು ಕೂಡಲೇ ಅಳಿಸಬೇಡಿ. ಮಿಂಟ್‌ನಲ್ಲಿ ಖಾತೆ ಅಳಿಸಿದರೆ ಅವರ ಫೈಲುಗಳೂ ಹೋಗುತ್ತವೆ. ನಮ್ಮ ಹುಡುಗನೊಬ್ಬ ಕಾಲೇಜಿಗೆಂದು ಮಂಗಳೂರಿಗೆ ಹೋಗುವುದೆಂದಾಯಿತು. ಅವನ ಖಾತೆಗೆ ಹೈಫನ್ ಎಲ್ ಹಾಕಿ ಬೀಗ ಜಡಿದೆ. ಅವನು ಹೊರಡುವ ಹಿಂದಿನ ದಿನ ಬಂದಾಗ ಬೀಗ ತೆಗೆದು, ಅವನೇ ಕೂತು ತನ್ನ ಇಡೀ ಫೋಲ್ಡರನ್ನು ಪೆನ್ ಡ್ರೈವಿಗೆ ಇಳಿಸಿಕೊಂಡ. ಮೂರನೆಯ ಯಂತ್ರಕ್ಕೆ ಅದನ್ನು ಚುಚ್ಚಿ, ಫೈಲುಗಳು ತೆರೆಯುತ್ತವೆಯೇ ಎಂದು ಇಬ್ಬರೂ ಒಂದೊಂದಾಗಿ ನೋಡಿದೆವು. ಎಲ್ಲ ಇತ್ತು. ಆಮೇಲೆ 'ಡಿಲೀಟ್' ಒತ್ತಿದ್ದು ಅವನೇ.